ಮನೆಯೊಳಗೊಂದು ದಫ್ತರಖಾನೆ

ರೇಡಿಯೋ ಇರುವ ಮನೆ ಕೇಳುವ ಮನೆ. ಅಲೆಗಳು ಹೊರಗಿನಿಂದ ಒಳಕ್ಕೆ ಬರುತ್ತವೆಯೇ ಹೊರತು ಒಳಗಿನಿಂದ ಹೊರಕ್ಕೆ ಏನೂ ಹೋಗುವುದಿಲ್ಲ. ೧೯೬೬ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ನಿಲಯ ಆರಂಭವಾದಂದಿನಿಂದ ಆಳಂದ, ಅಫಜಲಪುರ, ಜೇವರ್ಗಿಗಳ ಮನೆಗಳು ಹೀಗೆಯೇ ಕೇಳುತ್ತ ಬಂದಿವೆ. ಈಗ ಇದೇ ಮನೆಗಳ ಗೋಡೆಗೆ ಇನ್ನೊಂದು ಎಳೆ ಬಂದು ಸೇರಿದೆ. ಅದು ಕೂದಲಿನಷ್ಟು ಸಣ್ಣದಾದ ಗಾಜಿನ ಎಳೆ. ಅದರ ತುದಿಯಲ್ಲಿ ದೀಪ ಮಿಣುಕಿಸುತ್ತ ಕೂತಿರುವ ಪೆಟ್ಟಿಗೆಗೆ ರೌಟರ್ ಎಂದು ಹೆಸರು. ಈ ಎಳೆಯ ವಿಶೇಷವೆಂದರೆ ಇದರಲ್ಲಿ ಬರುವ ದಾರಿಯಂತೆ ಹೋಗುವ ದಾರಿಯೂ ಉಂಟು. ಆದರೂ ನಮ್ಮಲ್ಲಿ ಬಹುಮಂದಿ ಅದನ್ನು ರೇಡಿಯೋದಂತೆಯೇ ಬಳಸುತ್ತೇವೆ. ಬಂದುದನ್ನು ನೋಡುತ್ತೇವೆ, ಕೇಳುತ್ತೇವೆ, ಅಷ್ಟೇ. ಮನೆಯ ಕಾಗದಪತ್ರ, ಚಿತ್ರ, ಧ್ವನಿಗಳನ್ನು ಮನೆಯಲ್ಲಿಯೇ ಒಂದು ಸಣ್ಣ ಯಂತ್ರದಲ್ಲಿ ಇಟ್ಟುಕೊಂಡು, ಪುಣೆಯಲ್ಲಿರುವ ಮಗನೂ ಬೆಂಗಳೂರಿನಲ್ಲಿರುವ ಮಗಳೂ ಅಲ್ಲಿಂದಲೇ ಅವನ್ನು ತೆರೆದು ನೋಡುವಂತೆ ಮಾಡಲು ಬರುತ್ತದೆಯೆ? ಬರುತ್ತದೆ. ಅದು ಹೇಗೆ, ಅದರಲ್ಲಿ ಅಪಾಯವೇನು, ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದೇ ಈ ಹೊತ್ತಿನ ಮಾತು.

ಇಂಥ ಯಂತ್ರಕ್ಕೆ ಫೈಲ್ ಸರ್ವರ್ ಎನ್ನುತ್ತಾರೆ. ಹೆಸರು ಹೊಸದು, ಕೆಲಸ ಹಳೆಯದು. ಫೈಲ್ ಎಂದರೆ ನಮ್ಮ ಹಿರಿಯರ ಕಡತ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಾಡಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರಲ್ಲ, ಆ ಕಡತ. ಕಡತಗಳನ್ನು ಜೋಡಿಸಿಟ್ಟು, ಕೇಳಿದವರಿಗೆ ತೆಗೆದುಕೊಡುವ ಜಾಗಕ್ಕೆ ನಮ್ಮ ಕಡೆ ದಫ್ತರಖಾನೆ ಎಂಬ ಮಾತು ಉಂಟು. ಫೈಲ್ ಸರ್ವರ್ ಎಂದರೆ ಮನೆಯೊಳಗಿನ ದಫ್ತರಖಾನೆಯೇ ಸರಿ.

ಇಷ್ಟು ಕಷ್ಟಪಟ್ಟು ಕಾಪಾಡುವಂಥದು ನಮ್ಮ ಮನೆಯಲ್ಲಿ ಏನಿದೆ ಎಂದು ಕೇಳಬಹುದು. ಆಳಂದದ ಸುತ್ತಿನ ಯಾವ ಹಳೆಯ ಮನೆಯ ಟ್ರಂಕನ್ನಾದರೂ ತೆಗೆದು ನೋಡಿ. ಈ ಸೀಮೆ ೧೯೪೮ರ ಸೆಪ್ಟೆಂಬರ್ ೧೭ರವರೆಗೆ ನಿಜಾಮರ ಆಡಳಿತದಲ್ಲಿತ್ತು. ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆದ್ದರಿಂದ ಅಜ್ಜನ ಕಾಲದ ಕಾಗದಗಳು ಉರ್ದುವಿನಲ್ಲಿ, ತಂದೆಯ ಕಾಲದವು ಕನ್ನಡದಲ್ಲಿ, ಗಡಿಯಾಚೆಯ ಸಂಬಂಧಿಕರ ಪತ್ರಗಳು ಮರಾಠಿಯಲ್ಲಿ, ಹೀಗೆ ಒಂದೇ ಟ್ರಂಕಿನಲ್ಲಿ ಮೂರು ಲಿಪಿಗಳು ಸೇರಿಕೊಂಡಿರುವುದುಂಟು. ೨೦೦೦ದ ಸುಮಾರಿನಿಂದ ಭೂಮಿ ಯೋಜನೆಯಲ್ಲಿ ಪಹಣಿಗಳು ಗಣಕಯಂತ್ರಕ್ಕೆ ಏರಿವೆ, ನಿಜ. ಆದರೆ ಮನೆಯವರೊಳಗಿನ ವಾಟ್ನಿಪತ್ರ, ಹಳೆಯ ರಸೀದಿ, ಅಡತಿ ಅಂಗಡಿಯ ತೊಗರಿ ಲೆಕ್ಕದ ಕಿರ್ದಿ, ಇವುಗಳಿಗೆ ಸರಕಾರದ ಯಂತ್ರದಲ್ಲಿ ಜಾಗವಿಲ್ಲ. ಇವು ಮನೆಯಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇನ್ನು ಧ್ವನಿಯ ಮಾತು. ಇದು ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ ಹಿಡಿದು ರಾತ್ರಿಯಿಡೀ ಹಾಡುವ ಸೀಮೆ. ಮೊಹರಮ್ಮಿನಲ್ಲಿ ರಿವಾಯತು ಹಾಡುವವರೂ ಇಲ್ಲಿದ್ದಾರೆ. ಬೀಸುವಕಲ್ಲಿನ ಮುಂದೆ ಪದ ಹೇಳಿದ ಮುದುಕಿಯರ ಧ್ವನಿ ಕೆಲವು ಮನೆಗಳ ಕ್ಯಾಸೆಟ್ಟುಗಳಲ್ಲಿ ಇನ್ನೂ ಉಳಿದಿದೆ. ಆ ನಾಡಪಟ್ಟಿಗಳು ಅಂಟಿಕೊಳ್ಳುತ್ತಿವೆ, ಬೂಸಲು ಹಿಡಿಯುತ್ತಿವೆ. ಮೊಬೈಲಿಗೋ ಗಣಕಯಂತ್ರಕ್ಕೋ ಅವನ್ನು ಇಳಿಸಿಕೊಂಡ ಮನೆಯವರೂ ಉಂಟು. ಹಾಗೆ ಇಳಿಸಿಕೊಂಡ ಮೇಲೆ ಅದು ಎಲ್ಲಿದೆ ಎಂದು ಕೇಳಿದರೆ, ಅಣ್ಣನ ಹಳೆಯ ಫೋನಿನಲ್ಲಿದೆ ಎಂಬ ಉತ್ತರ ಬರುತ್ತದೆ. ಫೋನು ಎರಡು ಮೂರು ವರ್ಷಕ್ಕೆ ಬದಲಾಗುವ ವಸ್ತು. ಅಜ್ಜಿಯ ಧ್ವನಿಯನ್ನು ಅದರಲ್ಲಿಡುವುದು ಸಂತೆಯ ಚೀಲದಲ್ಲಿ ತಾಳಿಯನ್ನು ಇಟ್ಟಂತೆ.

೨೦೨೦ರ ಅಕ್ಟೋಬರಿನಲ್ಲಿ ಭೀಮಾ ನದಿ ತುಂಬಿ ಬಂದಾಗ ಅಫಜಲಪುರ, ಜೇವರ್ಗಿ ತಾಲೂಕುಗಳ ನದಿದಂಡೆಯ ಊರುಗಳೊಳಗೆ ನೀರು ಹೊಕ್ಕಿತು. ಅಂಥ ಹೊತ್ತಿನಲ್ಲಿ ಜೀವ ಉಳಿಸಿಕೊಳ್ಳುವುದೇ ದೊಡ್ಡದು; ಟ್ರಂಕನ್ನು ಯಾರು ಹೊರುತ್ತಾರೆ? ಕಾಗದದ ಇನ್ನೊಂದು ಪ್ರತಿ ಇನ್ನೊಂದು ಊರಿನಲ್ಲಿ ಇರಬೇಕು ಎಂಬ ಬುದ್ಧಿ ನೀರು ಇಳಿದ ಮೇಲೆ ಹುಟ್ಟಿದರೆ ಪ್ರಯೋಜನವಿಲ್ಲ.

ದೊಡ್ಡ ಕಂಪನಿಗಳು ತಮ್ಮ ಉಗ್ರಾಣದಲ್ಲಿ ಜಾಗ ಕೊಡುತ್ತವಲ್ಲ, ಅಲ್ಲಿಟ್ಟರೆ ಸಾಲದೆ ಎನ್ನುವವರಿದ್ದಾರೆ. ಅದು ಕೆಟ್ಟ ದಾರಿಯೇನಲ್ಲ. ಆದರೆ ಬಾಡಿಗೆ ಮನೆಗೂ ಸ್ವಂತ ಮನೆಗೂ ಇರುವ ಅಂತರ ಇಲ್ಲಿಯೂ ಉಂಟು. ಗೂಗಲ್ ಸಂಸ್ಥೆ ಚಿತ್ರಗಳನ್ನು ಮಿತಿಯಿಲ್ಲದೆ, ದುಡ್ಡಿಲ್ಲದೆ ಇಡಲು ಬಿಟ್ಟಿತ್ತು. ೨೦೨೧ರ ಜೂನ್ ೧ರಿಂದ ಆ ಸೌಕರ್ಯವನ್ನು ನಿಲ್ಲಿಸಿ, ೧೫ ಗಿಗಾಬೈಟಿನ ಲೆಕ್ಕದೊಳಗೆ ಸೇರಿಸಿತು. ಅದರಲ್ಲಿ ಅನ್ಯಾಯವೇನೂ ಇಲ್ಲ. ಮನೆಯೊಡೆಯ ಬಾಡಿಗೆಯ ಕರಾರು ಬದಲಿಸಿದ, ಅಷ್ಟೇ. ಸ್ವಂತದ್ದು ಒಂದು ಕೋಣೆ ಇರಲಿ ಎಂದು ಮನಸ್ಸಿಗೆ ಬಂದರೆ ಅದೂ ಸಹಜವೇ.

ಹಾಗಾದರೆ ಯಂತ್ರ ಯಾವುದು? ವಿಶೇಷವಾದುದೇನೂ ಬೇಡ. ಮೂಲೆಯಲ್ಲಿ ಬಿದ್ದ ಹಳೆಯ ಲ್ಯಾಪ್‌ಟಾಪ್ ಆದೀತು. ಇಂಗ್ಲೆಂಡಿನ ಕೇಂಬ್ರಿಜ್‌ನವರು ಮಕ್ಕಳು ಗಣಕಯಂತ್ರ ಕಲಿಯಲೆಂದು ೨೦೧೨ರಲ್ಲಿ ಹೊರತಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಯಂತ್ರವೂ ಆದೀತು. ಅದಕ್ಕೊಂದು ಡಿಸ್ಕ್ ಜೋಡಿಸಬೇಕು. ಲಿನಕ್ಸ್ ಎಂಬ ವ್ಯವಸ್ಥೆಯನ್ನೂ ಅದರ ಮೇಲೆ ಸಾಂಬಾ ಎಂಬ ತಂತ್ರಾಂಶವನ್ನೂ ಹಾಕಿದರೆ, ಮನೆಯ ಎಲ್ಲ ಫೋನು, ಗಣಕಯಂತ್ರಗಳಿಗೂ ಆ ಡಿಸ್ಕು ತಮ್ಮದೇ ಕಪಾಟಿನಂತೆ ಕಾಣುತ್ತದೆ. ಇವೆರಡಕ್ಕೂ ದುಡ್ಡು ಕೊಡಬೇಕಾಗಿಲ್ಲ. ಸಾಂಬಾದ ಮೊದಲ ರೂಪವನ್ನು ಬರೆದವರು ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಡ್ಜೆಲ್. ೧೯೯೨ರ ಆರಂಭದಲ್ಲಿ ಅದನ್ನು ಎಲ್ಲರಿಗೂ ಹಂಚಿದರು. ಮುಂದೆ ಹೆಸರು ಬದಲಿಸಬೇಕಾಗಿ ಬಂದಾಗ ಎಸ್, ಎಮ್, ಬಿ ಎಂಬ ಮೂರು ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಪದವನ್ನು ನಿಘಂಟಿನಲ್ಲಿ ಹುಡುಕಿಸಿ ಸಾಂಬಾ ಎಂದು ಆರಿಸಿಕೊಂಡರಂತೆ. ಅದು ಬ್ರೆಜಿಲ್ ದೇಶದ ಕುಣಿತದ ಹೆಸರು. ನಮ್ಮ ಕಿವಿಗೆ ಶಿವನ ಹೆಸರಾಗಿ ಕೇಳಿಸಿದರೆ ನಷ್ಟವೇನಿಲ್ಲ.

ಕರೆಂಟಿನ ಬಿಲ್ಲಿನ ಚಿಂತೆ ಗೃಹಿಣಿಯರಿಗೆ ಮೊದಲು ಬರುವುದು ಸರಿಯೇ. ಲೆಕ್ಕ ಹಾಕೋಣ. ಸಣ್ಣ ಯಂತ್ರವೂ ಡಿಸ್ಕೂ ಸೇರಿ ೧೦ ವ್ಯಾಟ್ ಎಳೆಯುತ್ತವೆಂದು ಹಿಡಿದರೆ, ದಿನದ ೨೪ ಗಂಟೆಯೂ ನಡೆದು ತಿಂಗಳಿಗೆ ೭ ಯೂನಿಟ್ಟಿನಷ್ಟು ಆಗುತ್ತದೆ. ಹಳೆಯ ಮೇಜಿನ ಗಣಕಯಂತ್ರ ೬೦ ವ್ಯಾಟ್ ಎಳೆದರೆ ತಿಂಗಳಿಗೆ ೪೩ ಯೂನಿಟ್. ಹಳೆಯದು ಪುಕ್ಕಟೆ ಸಿಕ್ಕಿತೆಂದು ಹಿಗ್ಗುವ ಮೊದಲು ಈ ಲೆಕ್ಕ ನೋಡಬೇಕು.

ಇಲ್ಲಿಯವರೆಗಿನದು ಮನೆಯೊಳಗಿನ ಮಾತು. ಹೊರಗಿನಿಂದ ತಲುಪುವ ಮಾತು ಬಂದಾಗ ರೌಟರಿನ ಗುಣವನ್ನು ತಿಳಿಯಬೇಕಾಗುತ್ತದೆ. ಹಳೆಯ ಊರುಗಳಿಗೆ ಒಂದು ಅಗಸಿ ಇರುತ್ತಿತ್ತು. ಒಳಗೆ ನೂರು ಮನೆಗಳಿದ್ದರೂ ಹೊರಗಿನವರಿಗೆ ಕಾಣುವುದು ಅಗಸಿಯೊಂದೇ. ರೌಟರ್ ನಮ್ಮ ಮನೆಯ ಅಗಸಿ. ಹೊರಗಿನ ಲೋಕ ಅದಕ್ಕೆ ಒಂದು ವಿಳಾಸ ಕೊಟ್ಟಿರುತ್ತದೆ. ಒಳಗಿನ ಫೋನು, ಟೀವಿ, ದಫ್ತರಖಾನೆಗಳಿಗೆ ರೌಟರೇ ೧೯೨.೧೬೮ ಎಂದು ಆರಂಭವಾಗುವಂಥ ಒಳವಿಳಾಸಗಳನ್ನು ಹಂಚುತ್ತದೆ. ಈ ಒಳವಿಳಾಸಗಳು ೧೯೯೬ರಲ್ಲಿ ಒಪ್ಪಿಕೊಂಡ ನಿಯಮದಂತೆ ಜಗತ್ತಿನ ಯಾವ ಮನೆಯಲ್ಲಿಯೂ ಇರಬಹುದು. ‘ನಡುಮನೆ’, ‘ಪಡಸಾಲೆ’ ಎಂಬ ಹೆಸರುಗಳು ಎಲ್ಲ ಮನೆಗಳಲ್ಲಿಯೂ ಇರುವಂತೆ. ಆಳಂದದ ನಡುಮನೆಗೆ ಎಂದು ಬರೆದರೆ ಅಂಚೆಯವನು ಯಾರಿಗೆ ಮುಟ್ಟಿಸಿಯಾನು?

ಒಳಗಿನ ಫೋನು ಹೊರಗೆ ಒಂದು ಕಾಗದ ಕಳಿಸಿದಾಗ ಅಗಸಿಯ ಕಾವಲುಗಾರ ತನ್ನ ವಹಿಯಲ್ಲಿ, ಇಂಥ ಕೋಣೆಯಿಂದ ಇಂಥವರಿಗೆ ಹೋಯಿತು ಎಂದು ಬರೆದುಕೊಳ್ಳುತ್ತಾನೆ. ಉತ್ತರ ಬಂದಾಗ ವಹಿ ನೋಡಿ ಆ ಕೋಣೆಗೇ ಮುಟ್ಟಿಸುತ್ತಾನೆ. ಆದರೆ ಯಾರೂ ಕರೆಯದೆ ಹೊರಗಿನಿಂದ ಒಂದು ಕಾಗದ ಬಂದರೆ ಅವನ ವಹಿಯಲ್ಲಿ ಅದರ ಸುಳಿವಿಲ್ಲ. ಅದನ್ನು ಕೆಳಗೆ ಹಾಕಿಬಿಡುತ್ತಾನೆ. ಕಳ್ಳರಿಂದ ಇದು ತಕ್ಕಮಟ್ಟಿಗೆ ರಕ್ಷಣೆ. ಆದರೆ ಪುಣೆಯಿಂದ ಮಗ ಬಾಗಿಲು ಬಡಿದರೂ ಇದೇ ಗತಿ. ಆದ್ದರಿಂದ ಕಾವಲುಗಾರನಿಗೆ, ಇಂಥ ಅಂಕೆಯ ಬಾಗಿಲಿಗೆ ಬಂದುದನ್ನು ಇಂಥ ಕೋಣೆಗೆ ಒಯ್ಯು ಎಂದು ಮೊದಲೇ ಹೇಳಿಡಬೇಕು. ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎನ್ನುತ್ತಾರೆ. ಹೊರವಿಳಾಸವನ್ನು ಕಂಪನಿಯವರು ಆಗಾಗ ಬದಲಿಸುವುದರಿಂದ, ಬದಲಾದ ವಿಳಾಸವನ್ನು ಒಂದು ಖಾಯಂ ಹೆಸರಿಗೆ ತಾನಾಗಿ ಜೋಡಿಸುವ ಸೇವೆಗಳೂ ಉಂಟು.

ಇಷ್ಟನ್ನು ಮಾಡಿದರೂ ಎಷ್ಟೋ ಮನೆಗಳಲ್ಲಿ ದಾರಿ ತೆರೆಯುವುದಿಲ್ಲ. ಕಾರಣ ಇದು. ಹಳೆಯ ಪದ್ಧತಿಯಲ್ಲಿ ಒಟ್ಟು ವಿಳಾಸಗಳೇ ಸುಮಾರು ೪೨೯ ಕೋಟಿ. ಜಗತ್ತಿನ ಜನಸಂಖ್ಯೆಗೂ ಅದು ಸಾಲದು. ಅಗಸಿಯ ಹಿಂದೆ ಹಲವು ಯಂತ್ರಗಳನ್ನು ಅಡಗಿಸುವ ಉಪಾಯವನ್ನು ೧೯೯೪ರಲ್ಲಿ ಬರೆದು ಪ್ರಕಟಿಸಿದವರೇ ಅದನ್ನು ಸದ್ಯದ ಮಟ್ಟಿನ ಪರಿಹಾರ ಎಂದು ಕರೆದಿದ್ದರು. ಸದ್ಯವೆಂಬುದು ಮೂವತ್ತು ವರ್ಷ ಮೀರಿತು. ೨೦೧೧ರ ಫೆಬ್ರವರಿಯಲ್ಲಿ ಜಾಗತಿಕ ಉಗ್ರಾಣದ ಕೊನೆಯ ವಿಳಾಸಗಳೂ ಹಂಚಿಹೋದವು. ತಡವಾಗಿ ಅಂತರ್ಜಾಲಕ್ಕೆ ಬಂದ ನಮ್ಮಂಥ ಊರುಗಳ ಪಾಲಿಗೆ ಉಳಿದುದು ಕಡಿಮೆ. ಆದ್ದರಿಂದ ಕಂಪನಿಗಳು ಹಲವು ಮನೆಗಳನ್ನು ಸೇರಿಸಿ ಇನ್ನೊಂದು ದೊಡ್ಡ ಅಗಸಿಯ ಹಿಂದೆ ಇಡುತ್ತವೆ. ನಿಮ್ಮ ಕಾವಲುಗಾರ ನಿಮ್ಮ ಮಾತು ಕೇಳುತ್ತಾನೆ. ಆ ದೊಡ್ಡ ಅಗಸಿಯವನು ಕೇಳುವುದಿಲ್ಲ.

ಇದನ್ನು ಪರೀಕ್ಷಿಸುವುದು ಸುಲಭ. ರೌಟರಿನ ಪುಟದಲ್ಲಿ ಕಾಣುವ ಹೊರವಿಳಾಸವನ್ನೂ, ಹೊರಗಿನವರಿಗೆ ಕಾಣುವ ನಿಮ್ಮ ವಿಳಾಸವನ್ನೂ ಹೋಲಿಸಿ ನೋಡಿ. ಎರಡೂ ಒಂದೇ ಆದರೆ ಅಗಸಿ ಒಂದೇ. ಬೇರೆಯಾದರೆ, ಅದರಲ್ಲೂ ರೌಟರಿನ ವಿಳಾಸ ೧೦೦.೬೪ರಿಂದ ೧೦೦.೧೨೭ರ ನಡುವಿನದಾದರೆ, ನೀವು ಎರಡನೆಯ ಅಗಸಿಯ ಹಿಂದೆ ಇದ್ದೀರಿ. ೨೦೧೨ರಲ್ಲಿ ಆ ಅಂಕೆಗಳನ್ನು ಇದಕ್ಕೆಂದೇ ಮೀಸಲಿಟ್ಟರು. ಆಗ ದಾರಿಗಳು ಮೂರು. ಕಂಪನಿಯವರಿಗೆ ಹೆಚ್ಚಿನ ಹಣ ಕೊಟ್ಟು ಖಾಯಂ ವಿಳಾಸ ಕೇಳುವುದು ಒಂದು. ಐಪಿ ಆರನೆಯ ಆವೃತ್ತಿಯ ಹೊಸ ವಿಳಾಸಗಳನ್ನು ಬಳಸುವುದು ಎರಡನೆಯದು; ಅವುಗಳಲ್ಲಿ ಪ್ರತಿಯೊಂದು ಯಂತ್ರಕ್ಕೂ ಸ್ವಂತ ವಿಳಾಸ ಸಿಗುವಷ್ಟು ಸಮೃದ್ಧಿಯಿದೆ. ಆದರೆ ಅಲ್ಲಿ ವಹಿಯ ಮರೆ ಇರುವುದಿಲ್ಲ. ರೌಟರಿನ ತಡೆಗೋಡೆ ಎಚ್ಚರವಾಗಿದೆಯೇ ಎಂದು ನೋಡಿಕೊಳ್ಳಬೇಕು. ಮೂರನೆಯದು, ಹೊರಗೆ ನಡುವಿನಲ್ಲಿ ಒಂದು ಕಟ್ಟೆಯನ್ನು ಗೊತ್ತುಮಾಡಿಕೊಂಡು, ಮನೆಯ ಯಂತ್ರವೂ ಮಗನ ಯಂತ್ರವೂ ತಾವಾಗಿಯೇ ಅಲ್ಲಿಗೆ ಬಂದು ಭೇಟಿಯಾಗುವಂತೆ ಮಾಡುವುದು. ಹೊರಗೆ ಹೋಗುವುದನ್ನು ಯಾವ ಅಗಸಿಯೂ ತಡೆಯುವುದಿಲ್ಲವಾದ್ದರಿಂದ ಇದು ನಡೆಯುತ್ತದೆ.

ಈಗ ಎಚ್ಚರಿಕೆಯ ಮಾತು. ಸಾಂಬಾದ ಬಾಗಿಲನ್ನು ನೇರವಾಗಿ ಹೊರಗಿನ ಲೋಕಕ್ಕೆ ತೆರೆದಿಡಕೂಡದು. ಅದರ ಅಂಕೆ ೪೪೫. ವಿಂಡೋಸ್ ಯಂತ್ರಗಳ ಇದೇ ಬಾಗಿಲಿನ ದೋಷವನ್ನು ಹಿಡಿದು ೨೦೧೭ರ ಮೇ ೧೨ರಂದು ವಾನಾಕ್ರೈ ಎಂಬ ಪಿಡುಗು ಹಬ್ಬಿತು. ೧೫೦ ದೇಶಗಳಲ್ಲಿ ೨ ಲಕ್ಷಕ್ಕೂ ಮಿಕ್ಕ ಯಂತ್ರಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಆ ದೋಷಕ್ಕೆ ಮದ್ದು ಎರಡು ತಿಂಗಳ ಹಿಂದೆಯೇ ಹೊರಬಿದ್ದಿತ್ತು; ಹಚ್ಚಿಕೊಂಡವರು ಬದುಕಿದರು. ೨೦೨೨ರಲ್ಲಿ ಡೆಡ್‌ಬೋಲ್ಟ್ ಎಂಬ ಇನ್ನೊಂದು ಪಿಡುಗು ಮನೆಗಳಲ್ಲಿಡುವ ದಫ್ತರಖಾನೆ ಯಂತ್ರಗಳನ್ನೇ ಹುಡುಕಿಕೊಂಡು ಬಂತು. ಆಳಂದದ ಮನೆ ಯಾರ ಕಣ್ಣಿಗೆ ಬಿದ್ದೀತು ಎಂದು ಯಾರೂ ತಿಳಿಯಬಾರದು. ಬಾಗಿಲು ತಟ್ಟಿ ನೋಡುವವನು ಮನುಷ್ಯನಲ್ಲ, ಯಂತ್ರ; ಅದು ಊರು ಕೇರಿ ನೋಡುವುದಿಲ್ಲ, ಅಂಕೆಗಳನ್ನು ಒಂದೊಂದಾಗಿ ತಟ್ಟುತ್ತ ಹೋಗುತ್ತದೆ.

ಸುರಕ್ಷಿತವಾದ ಕ್ರಮವೆಂದರೆ ಸುರಂಗ. ವೈರ್‌ಗಾರ್ಡ್ ಎಂಬ ಸುರಂಗದ ತಂತ್ರಾಂಶ ೨೦೨೦ರ ಮಾರ್ಚಿನಿಂದ ಲಿನಕ್ಸ್‌ನ ಒಳಗೇ ಸೇರಿದೆ. ಮನೆಯ ಯಂತ್ರಕ್ಕೊಂದು ಕೀಲಿ, ಮಗನ ಫೋನಿಗೊಂದು ಕೀಲಿ, ಮಗಳದಕ್ಕೊಂದು. ಪರಿಚಯದ ಕೀಲಿಯಿಲ್ಲದವರು ಬಾಗಿಲು ಬಡಿದರೆ ಒಳಗಿನಿಂದ ಯಾರದು ಎಂಬ ಸದ್ದೂ ಬರುವುದಿಲ್ಲ. ಅಲ್ಲೊಂದು ಬಾಗಿಲಿದೆ ಎಂಬುದೇ ಅವರಿಗೆ ತಿಳಿಯದು. ಫೋನು ಕಳೆದುಹೋದರೆ ಆ ಒಂದು ಕೀಲಿಯನ್ನು ಅಳಿಸಿದರೆ ಸಾಕು. ಸಾಂಬಾ ಈ ಸುರಂಗದ ಒಳತುದಿಯಲ್ಲಿ ನಿಶ್ಚಿಂತೆಯಾಗಿ ಕೂತಿರುತ್ತದೆ.

ವೇಗದ ವಿಷಯದಲ್ಲಿ ಆಸೆ ಮಿತವಾಗಿರಲಿ. ಹೊರಗಿನವರು ನೋಡುವಾಗ ಲೆಕ್ಕಕ್ಕೆ ಬರುವುದು ನಿಮ್ಮ ಮನೆಯಿಂದ ಹೊರಕ್ಕೆ ಹೋಗುವ ವೇಗ. ಅದು ಸೆಕೆಂಡಿಗೆ ೨೦ ಮೆಗಾಬಿಟ್ ಇದ್ದರೆ ೧೦೦ ಗಿಗಾಬೈಟಿನ ಸಂಗ್ರಹವನ್ನು ಪುಣೆಗೆ ಕಳಿಸಲು ೧೧ ಗಂಟೆ ಬೇಕು. ಮೊದಲ ದೊಡ್ಡ ಪ್ರತಿಯನ್ನು ದೀಪಾವಳಿಗೆ ಬಂದ ಮಗನ ಕೈಯಲ್ಲಿ ಡಿಸ್ಕಿನಲ್ಲಿಯೇ ಕೊಟ್ಟು ಕಳಿಸಿ, ಮುಂದೆ ಸೇರುವ ಚೂರುಪಾರನ್ನು ಮಾತ್ರ ಎಳೆಯ ಮೂಲಕ ಕಳಿಸುವುದು ಜಾಣತನ.

ನಮ್ಮ ಸೀಮೆಯ ಬಿಸಿಲು, ಧೂಳು, ಕರೆಂಟು, ಈ ಮೂರನ್ನೂ ಗಮನಿಸಬೇಕು. ಮೇ ತಿಂಗಳಲ್ಲಿ ಹೊರಗೆ ೪೨ ಡಿಗ್ರಿ ದಾಟುವ ಊರಿನಲ್ಲಿ ತಗಡಿನ ಮಾಡಿನ ಕೆಳಗೋ ಮುಚ್ಚಿದ ಕಪಾಟಿನೊಳಗೋ ಡಿಸ್ಕು ಬಹುಕಾಲ ಬಾಳದು. ಹಳೆಯ ವಾಡೆಯ ದಪ್ಪ ಮಣ್ಣಿನ ಗೋಡೆಯ ನಡುಮನೆ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ. ಬರೆಯುತ್ತಿರುವಾಗ ಫಕ್ಕನೆ ಕರೆಂಟು ಹೋದರೆ ಕಡತ ಅರ್ಧಕ್ಕೆ ನಿಂತು ಕೆಡುವುದುಂಟು. ರೌಟರಿಗೂ ಯಂತ್ರಕ್ಕೂ ಸೇರಿ ಒಂದು ಸಣ್ಣ ಬ್ಯಾಟರಿಯ ಆಸರೆ ಬೇಕು.

ಎರಡು ಡಿಸ್ಕು ಹಾಕಿ ಎರಡರಲ್ಲೂ ಒಂದೇ ಸಮನೆ ಬರೆಸುವವರು ತಮಗೆ ಇನ್ನು ಭಯವಿಲ್ಲ ಎಂದುಕೊಳ್ಳುತ್ತಾರೆ. ಅದು ಕನ್ನಡಿ, ಪ್ರತಿಯಲ್ಲ. ಮಗು ಒಂದು ಚಿತ್ರ ಅಳಿಸಿದರೆ ಕನ್ನಡಿಯಲ್ಲಿಯೂ ಅಳಿಯುತ್ತದೆ. ಬಲ್ಲವರು ಹೇಳುವ ಸೂತ್ರ ಮೂರು, ಎರಡು, ಒಂದು. ಪ್ರತಿಗಳು ಮೂರಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ. ಅಫಜಲಪುರದ ಅಕ್ಕನ ಮನೆಯಲ್ಲಿ ಆಳಂದದ ಪ್ರತಿ, ಆಳಂದದ ತಮ್ಮನ ಮನೆಯಲ್ಲಿ ಅಫಜಲಪುರದ ಪ್ರತಿ ಇದ್ದರೆ ಭೀಮಾ ನದಿ ಎಷ್ಟು ಉಕ್ಕಿದರೂ ಕಾಗದ ನೆನೆಯದು. ಇಟ್ಟ ಪ್ರತಿಯಿಂದ ವರ್ಷಕ್ಕೆ ಎರಡು ಸಲವಾದರೂ ಒಂದು ಕಡತ ತೆರೆದು ನೋಡಬೇಕು. ಬೀಜದ ಗಡಿಗೆ ತುಂಬಿದೆ ಎಂದರೆ ಸಾಲದು. ಮೊಳೆಯುತ್ತದೆಯೇ ಎಂದು ನೋಡಿದ ಮೇಲೆ ತಾನೆ ಬಿತ್ತುವ ಧೈರ್ಯ?

ಎಲ್ಲಕ್ಕಿಂತ ಮುಖ್ಯವಾದ ಒಂದು ಮಾತು ಯಂತ್ರದ್ದಲ್ಲ, ಮನುಷ್ಯರದು. ಮನೆಯಲ್ಲಿ ಸಾಮಾನ್ಯವಾಗಿ ಒಬ್ಬನಿಗೇ ಇದರ ಮರ್ಮ ಗೊತ್ತಿರುತ್ತದೆ. ಅವನು ನೌಕರಿಗೆ ದೂರ ಹೋದರೆ, ಇಲ್ಲವೆ ಬಾರದ ಕಾಲ ಬಂದರೆ, ಬೀಗ ಹಾಕಿದ ದಫ್ತರಖಾನೆಯ ಮುಂದೆ ಹೆಂಡತಿ ಮಕ್ಕಳು ನಿಲ್ಲಬೇಕಾಗುತ್ತದೆ. ಬೀಗ ಗಟ್ಟಿಯಾದಷ್ಟೂ ಅವರ ಕಷ್ಟ ಹೆಚ್ಚು. ಅಜ್ಜನ ಉರ್ದು ಕಾಗದವನ್ನು ಓದಬಲ್ಲವರು ಮನೆಯಲ್ಲಿ ಯಾರೂ ಉಳಿಯದೆ ಅದು ಹೇಗೆ ಮೂಕವಾಯಿತೋ ಇದೂ ಹಾಗೆಯೇ ಆದೀತು. ಆದ್ದರಿಂದ ಒಂದು ನೋಟುಬುಕ್ಕಿನಲ್ಲಿ, ಮನೆಯವರಿಗೆ ತಿಳಿಯುವ ಕನ್ನಡದಲ್ಲಿ, ಯಂತ್ರ ಎಲ್ಲಿದೆ, ಪಾಸ್‌ವರ್ಡ್ ಏನು, ಪ್ರತಿ ಯಾರ ಮನೆಯಲ್ಲಿದೆ, ಎಳೆ ತೆಗೆದು ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸುವುದು ಹೇಗೆ ಎಂದು ಬರೆದು ತಿಜೋರಿಯಲ್ಲಿಡಬೇಕು. ಮನೆಯ ಇನ್ನೊಬ್ಬರು ಆ ಬರಹವನ್ನಷ್ಟೇ ನೋಡಿಕೊಂಡು ಒಂದು ಕಡತವನ್ನು ತೆರೆಯಬಲ್ಲರೆ? ಒಂದು ಭಾನುವಾರ ಪರೀಕ್ಷಿಸಿ ನೋಡಿ. ತೆರೆಯಲಾಗದಿದ್ದರೆ ಆ ಕೆಲಸ ಇನ್ನೂ ಮುಗಿದಿಲ್ಲ.

ಇದೆಲ್ಲ ಎಲ್ಲರೂ ಮಾಡಲೇಬೇಕಾದುದಲ್ಲ. ತಿಂಗಳಿಗೊಂದು ಸಲ ತಂತ್ರಾಂಶವನ್ನು ಹೊಸದು ಮಾಡುವ ವ್ಯವಧಾನವಿಲ್ಲದವರು ಹೊರಗಿನ ದಾರಿಯ ಗೋಜಿಗೆ ಹೋಗದಿರುವುದೇ ಲೇಸು. ಅವರು ಎರಡು ಡಿಸ್ಕುಗಳಲ್ಲಿ ಪ್ರತಿ ಮಾಡಿ, ಒಂದನ್ನು ಬೇರೆ ಊರಿನ ಬಂಧುಗಳಲ್ಲಿಟ್ಟರೆ ಮುಕ್ಕಾಲು ಪಾಲು ಪ್ರಯೋಜನ ಸಿಕ್ಕಂತೆ. ಮನಸ್ಸಿದ್ದವರು ಮೊದಲ ಎರಡು ತಿಂಗಳು ಮನೆಯೊಳಗೆ ಮಾತ್ರ ನಡೆಸಿ ನೋಡಲಿ. ಅದು ರೂಢಿಯಾದ ಮೇಲೆ ಸುರಂಗದ ಮಾತು. ಈ ರಜೆಯಲ್ಲಿ ಊರಿಗೆ ಬರುವ ಮಕ್ಕಳು, ಮೊಮ್ಮಕ್ಕಳು ಇದನ್ನು ಒಂದು ದಿನದಲ್ಲಿ ಜೋಡಿಸಬಲ್ಲರು. ಅವರು ಬರುವಷ್ಟರಲ್ಲಿ ಹಿರಿಯರು ಮಾಡಬೇಕಾದ ಕೆಲಸವೊಂದಿದೆ: ಟ್ರಂಕು ತೆಗೆದು ಕಾಗದಗಳನ್ನು ಬಿಸಿಲಿಗಲ್ಲ, ನೆರಳಿಗೆ ಹರವಿ, ಯಾವುದು ಯಾರದು, ಕ್ಯಾಸೆಟ್ಟಿನಲ್ಲಿ ಹಾಡಿದವರು ಯಾರು ಎಂದು ಒಂದೊಂದು ಚೀಟಿ ಬರೆದಿಡುವುದು. ಅದನ್ನು ಹೇಳಬಲ್ಲ ಯಂತ್ರ ಇಲ್ಲ, ಬಲ್ಲವರು ನೀವು.